ಕಲಬುರಗಿಯಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ಎಷ್ಟು ತಾಸು? ಮನೆಯಲ್ಲೇ ಕೂತು ಲೆಕ್ಕ ಹಾಕುವುದು ಹೀಗೆ

ಮಗನೋ ಮಗಳೋ ಅಮೆರಿಕದಲ್ಲಿ ಕೆಲಸದಲ್ಲಿರುವ ಮನೆಗಳು ಈಗ ಕಲಬುರಗಿ, ಬೀದರ್, ಯಾದಗಿರಿ ಕಡೆ ಕಮ್ಮಿ ಏನಿಲ್ಲ. ಅಪ್ಪ-ಅಮ್ಮನಿಗೆ ವೀಸಾ ಬಂತು ಅಂದರೆ ಸಾಕು, ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ. ಎಷ್ಟು ತಾಸು ಆಗುತ್ತದೆ?

ನೆಟ್‌ನಲ್ಲಿ ಹುಡುಕಿದರೆ ಹೈದರಾಬಾದ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 13,500 ಕಿಲೋಮೀಟರ್, 16 ತಾಸು ಅಂತ ಬರುತ್ತದೆ. ಟ್ರಾವೆಲ್ ಏಜೆಂಟ್ 22 ತಾಸು ಅನ್ನುತ್ತಾರೆ. ಟಿಕೆಟ್ ನೋಡಿದರೆ ಬೆಳಗಿನ ಜಾವ 4ಕ್ಕೆ ಹೊರಟು ಅದೇ ದಿನ ಮಧ್ಯಾಹ್ನ 1ಕ್ಕೆ ಮುಟ್ಟುವ ಹಾಗೆ ಕಾಣುತ್ತದೆ, ಅಂದರೆ 9 ತಾಸು. ಹೋಗಿ ಬಂದವರನ್ನು ಕೇಳಿದರೆ ಮನೆ ಬಿಟ್ಟು ಮನೆ ಸೇರೋದಕ್ಕೆ ಒಂದೂವರೆ ದಿನ ಹಿಡಿಯಿತು ಅಂತಾರೆ. ಇದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರು ಒಂದೊಂದನ್ನು ಅಳೆಯುತ್ತಿದ್ದಾರೆ, ಅಷ್ಟೆ.

ನಮ್ಮ ಕಡೆಯವರಿಗೆ ನಿಜಕ್ಕೂ ಬೇಕಾದದ್ದು ಕೊನೆಯ ಲೆಕ್ಕ. ಮನೆಯ ಬಾಗಿಲಿನಿಂದ ಆ ಕಡೆಯ ಮನೆಯ ಬಾಗಿಲಿನವರೆಗೆ ಎಷ್ಟು ಹೊತ್ತು ಅನ್ನೋದು. ಅದನ್ನು ಯಾವ ವೆಬ್‌ಸೈಟೂ ಹೇಳುವುದಿಲ್ಲ, ಆದರೆ ಒಂದು ಹಾಳೆ, ಒಂದು ಪೆನ್ನು, ಕೈಯಲ್ಲೊಂದು ಮೊಬೈಲ್ ಇದ್ದರೆ ನೀವೇ ಹಾಕಬಹುದು. ಸ್ಯಾನ್ ಫ್ರಾನ್ಸಿಸ್ಕೋ ಇಲ್ಲಿ ಉದಾಹರಣೆ ಮಾತ್ರ. ಶಿಕಾಗೋ, ಟೊರಾಂಟೋ, ಸಿಡ್ನಿ, ಯಾವುದಕ್ಕಾದರೂ ಇದೇ ದಾರಿ.

ಮೊದಲು: ಯಾವ ಎರಡು ಏರ್‌ಪೋರ್ಟ್ ಅಂತ ಗಟ್ಟಿ ಮಾಡಿಕೊಳ್ಳಿ

ಊರಿನ ಹೆಸರಿನಿಂದ ಹುಡುಕಬೇಡಿ, ಏರ್‌ಪೋರ್ಟಿನ ಮೂರಕ್ಷರದ ಕೋಡ್‌ನಿಂದ ಹುಡುಕಿ. ಕಲಬುರಗಿಗೆ ಜಿಬಿಐ. ಹಳೆಯ ಹೆಸರಿನ ಮೇಲೆ ಬಂದ ಕೋಡ್ ಅದು, ಹಾಗಾಗಿ ಕೆಲವು ಸೈಟ್‌ಗಳಲ್ಲಿ ಇನ್ನೂ ಗುಲ್ಬರ್ಗ ಅಂತಲೇ ಇರುತ್ತದೆ. ಬೀದರ್‌ಗೆ ಐಎಕ್ಸ್‌ಎಕ್ಸ್. ಇಲ್ಲಿ ಸ್ವಲ್ಪ ಎಚ್ಚರ ಬೇಕು, ಐಎಕ್ಸ್‌ಬಿ ಅಂತ ಹಾಕಿದರೆ ಪಶ್ಚಿಮ ಬಂಗಾಳದ ಬಾಗ್ಡೋಗ್ರಾ ಬರುತ್ತದೆ. ಯಾದಗಿರಿಯಲ್ಲಿ ಏರ್‌ಪೋರ್ಟ್ ಇಲ್ಲ. ಹೈದರಾಬಾದ್‌ನ ಶಂಷಾಬಾದ್ ಏರ್‌ಪೋರ್ಟ್ ಎಚ್‌ವೈಡಿ, ಬೆಂಗಳೂರು ಬಿಎಲ್‌ಆರ್, ದುಬೈ ಡಿಎಕ್ಸ್‌ಬಿ, ಸ್ಯಾನ್ ಫ್ರಾನ್ಸಿಸ್ಕೋ ಎಸ್‌ಎಫ್‌ಓ. ಅಮೆರಿಕದ ಆ ಭಾಗದಲ್ಲಿ ಸ್ಯಾನ್ ಹೋಸೆ, ಓಕ್‌ಲ್ಯಾಂಡ್ ಅಂತ ಹತ್ತಿರದಲ್ಲೇ ಇನ್ನೆರಡು ಏರ್‌ಪೋರ್ಟ್ ಇವೆ. ಮಕ್ಕಳು ಕರೆದುಕೊಂಡು ಹೋಗಲು ಯಾವುದಕ್ಕೆ ಬರುತ್ತಾರೆ ಅಂತ ಟಿಕೆಟ್ ಮಾಡುವ ಮೊದಲೇ ಕೇಳಿ.

ಕಲಬುರಗಿ ಏರ್‌ಪೋರ್ಟ್ 2019ರ ನವೆಂಬರ್ 22ರಂದು ಶುರುವಾಯಿತು. ಬೀದರ್‌ನಲ್ಲಿ ಏರ್‌ಫೋರ್ಸ್ ನೆಲೆಯ ಪಕ್ಕದ ಟರ್ಮಿನಲ್ 2020ರ ಫೆಬ್ರವರಿಯಲ್ಲಿ. ಎರಡೂ ನಮಗೆ ಹೆಮ್ಮೆಯ ವಿಷಯವೇ. ಆದರೆ ಇಲ್ಲಿಂದ ಸಣ್ಣ ವಿಮಾನಗಳು ಹಾರುತ್ತವೆ, ವಾರದಲ್ಲಿ ಕೆಲವೇ ದಿನ ಹಾರುತ್ತವೆ, ಕೆಲವೊಮ್ಮೆ ನಿಂತು ಮತ್ತೆ ಶುರುವಾಗುತ್ತವೆ. ನಿಮ್ಮ ಪ್ರಯಾಣದ ತಿಂಗಳಲ್ಲಿ ವಿಮಾನ ಇದೆಯಾ ಅಂತ ನೋಡಿ, ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಹೈದರಾಬಾದ್ ಅಂತಲೇ ಲೆಕ್ಕ ಹಿಡಿಯಿರಿ.

ಹೈದರಾಬಾದೋ ಬೆಂಗಳೂರೋ ಅನ್ನುವ ಚರ್ಚೆ ಎಲ್ಲ ಮನೆಯಲ್ಲೂ ಆಗುತ್ತದೆ. ಬೆಂಗಳೂರಿನಿಂದ ಟಿಕೆಟ್ ಸ್ವಲ್ಪ ಅಗ್ಗ ಅಂತಲೋ, ವಿಮಾನದಲ್ಲಿ ಎರಡು ತಾಸು ಕಮ್ಮಿ ಅಂತಲೋ ಯಾರಾದರೂ ಹೇಳುತ್ತಾರೆ. ಕಲಬುರಗಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದಿಡೀ ರಾತ್ರಿ ಹೋಗುತ್ತದೆ. ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ ಏರ್‌ಪೋರ್ಟ್ ಇನ್ನೂ 35 ಕಿಲೋಮೀಟರ್ ಆಚೆ. ಹೈದರಾಬಾದ್ ಇಲ್ಲಿಂದ 220 ಕಿಲೋಮೀಟರ್ ಆಸುಪಾಸು. ದೊಡ್ಡ ಸೂಟ್‌ಕೇಸ್ ಇರುವ ವಯಸ್ಸಾದವರಿಗೆ ಬೆಂಗಳೂರಿನ ಆ ಉಳಿತಾಯ ಉಳಿತಾಯವೇ ಅಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ದೂರ ಅಳೆಯುವುದು

ಭೂಮಿ ಗುಂಡಗಿದೆ, ನಾವು ನೋಡುವ ನಕ್ಷೆ ಚಪ್ಪಟೆ. ಎಲ್ಲ ಗೊಂದಲ ಇಲ್ಲಿಂದಲೇ ಶುರು. ಗೋಡೆಯ ನಕ್ಷೆಯಲ್ಲಿ ಹೈದರಾಬಾದ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ನಿಜವಾದ ಹತ್ತಿರದ ದಾರಿ ಅದಲ್ಲ. ಮಕ್ಕಳ ಗ್ಲೋಬ್ ಮನೆಯಲ್ಲಿದ್ದರೆ ಒಂದು ದಾರ ತೆಗೆದುಕೊಂಡು ಎರಡೂ ಊರಿಗೆ ಬಿಗಿಯಾಗಿ ಹಿಡಿದು ನೋಡಿ. ದಾರ ತಾನಾಗಿ ಉತ್ತರಕ್ಕೆ ಜಾರುತ್ತದೆ. ಹಿಮಾಲಯ, ಚೀನಾ, ಸೈಬೀರಿಯಾದ ತುದಿ, ಅಲಾಸ್ಕಾ, ಆಮೇಲೆ ಕೆಳಗಿಳಿದು ಕ್ಯಾಲಿಫೋರ್ನಿಯಾ. ಗ್ರೇಟ್ ಸರ್ಕಲ್ ಅನ್ನೋದು ಇದನ್ನೇ.

ಗ್ಲೋಬ್ ಇಲ್ಲದಿದ್ದರೆ ಗೂಗಲ್ ಮ್ಯಾಪ್ ಸಾಕು. ಮೊಬೈಲಿನಲ್ಲಿ ಶಂಷಾಬಾದ್ ಏರ್‌ಪೋರ್ಟ್ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ, ಕೆಂಪು ಪಿನ್ ಬೀಳುತ್ತದೆ, ಕೆಳಗೆ ಬರುವ ಆಯ್ಕೆಗಳಲ್ಲಿ ದೂರ ಅಳೆಯುವ ಆಯ್ಕೆ ಒತ್ತಿ, ನಕ್ಷೆಯನ್ನು ಸರಿಸಿ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ತನ್ನಿ. ಕಂಪ್ಯೂಟರಿನಲ್ಲಾದರೆ ಮೌಸ್‌ನ ಬಲ ಗುಂಡಿ ಒತ್ತಿದರೆ ಅದೇ ಆಯ್ಕೆ ಸಿಗುತ್ತದೆ. ಸುಮಾರು 13,500 ಕಿಲೋಮೀಟರ್ ತೋರಿಸುತ್ತದೆ. ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನುವ ಸೈಟ್‌ನಲ್ಲಿ ಎರಡು ಕೋಡ್ ನಡುವೆ ಒಂದು ಅಡ್ಡಗೆರೆ ಹಾಕಿದರೂ ಸಾಕು, ಗೆರೆ ಎಳೆದು ದೂರ ಕೊಡುತ್ತದೆ.

ಸಂಖ್ಯೆ ನೋಡುವಾಗ ಅದು ಕಿಲೋಮೀಟರೋ, ಮೈಲೋ, ನಾಟಿಕಲ್ ಮೈಲೋ ಅಂತ ಗಮನಿಸಿ. ಒಂದು ಮೈಲಿ 1.609 ಕಿಲೋಮೀಟರ್. ವಿಮಾನದವರು ಬಳಸುವ ನಾಟಿಕಲ್ ಮೈಲಿ 1.852 ಕಿಲೋಮೀಟರ್. ಒಂದು ಸೈಟ್ 8,400 ಅಂತಲೂ ಇನ್ನೊಂದು 7,300 ಅಂತಲೂ ತೋರಿಸಿದರೆ ಗಾಬರಿ ಬೇಡ, ಎರಡೂ ಅದೇ 13,500 ಕಿಲೋಮೀಟರ್. ಇನ್ನೊಂದು ಸುಲಭದ ಪರೀಕ್ಷೆ ಇದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್, ಹಾಗಾಗಿ ಭೂಮಿಯ ಮೇಲೆ ಯಾವ ಎರಡು ಊರೂ ಅದರ ಅರ್ಧಕ್ಕಿಂತ ಹೆಚ್ಚು ದೂರ ಇರೋದಕ್ಕೆ ಆಗುವುದಿಲ್ಲ. 20,000 ದಾಟಿದ ಸಂಖ್ಯೆ ಬಂದರೆ ಅದು ನೇರ ದೂರ ಅಲ್ಲ, ನಡುವೆ ಎಲ್ಲೋ ಇಳಿದು ಹೋಗುವ ದಾರಿಯ ದೂರ.

ನಮ್ಮ ಊರಿನದ್ದೇ ಲೆಕ್ಕ ಹೇಳುತ್ತೇನೆ. ಕಲಬುರಗಿ ಏರ್‌ಪೋರ್ಟಿನಿಂದ ಶಂಷಾಬಾದ್‌ಗೆ ಆಕಾಶದಲ್ಲಿ 156 ಕಿಲೋಮೀಟರ್ ಆಸುಪಾಸು. ರಸ್ತೆಯಲ್ಲಿ ಅದೇ 220 ಮೀರುತ್ತದೆ. ಹೀಗೆ ಅಳೆದಾಗ ಸಿಗುವ ದೂರ ಆಕಾಶದ್ದು, ರಸ್ತೆಯದ್ದಲ್ಲ ಅನ್ನೋದನ್ನು ಮರೆಯಬೇಡಿ.

ಈಗ ಮುಖ್ಯವಾದ ಮಾತು. ಆ 13,500 ಕಿಲೋಮೀಟರ್ ನೇರವಾಗಿ ಹಾರಿದರೆ ಮಾತ್ರ. ನೀವು ನಡುವೆ ಇಳಿದು ಹೋಗುವವರಾದರೆ ಎರಡು ಭಾಗವನ್ನು ಬೇರೆ ಬೇರೆ ಅಳೆದು ಕೂಡಿಸಬೇಕು. ದುಬೈ ಮೇಲೆ ಹೋದರೆ ಹೈದರಾಬಾದ್‌ನಿಂದ ದುಬೈ ಸುಮಾರು 2,550, ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,000, ಒಟ್ಟು 15,500ಕ್ಕಿಂತ ಸ್ವಲ್ಪ ಹೆಚ್ಚು. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಸುಮಾರು 7,100 ಮತ್ತು 9,150, ಒಟ್ಟು 16,250. ಸಿಂಗಾಪುರದ ಮೇಲೆ ಹೋದರೆ 3,300 ಮತ್ತು 13,600, ಒಟ್ಟು 16,900ರ ಹತ್ತಿರ. ನೋಡಿ, ಪಶ್ಚಿಮಕ್ಕೆ ಹೋದರೂ ಪೂರ್ವಕ್ಕೆ ಹೋದರೂ ಒಂದೂವರೆ ಸಾವಿರ ಕಿಲೋಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇಲ್ಲ. ಅಮೆರಿಕದ ಪಶ್ಚಿಮ ತೀರ ನಮಗೆ ಹೆಚ್ಚುಕಮ್ಮಿ ಭೂಮಿಯ ಆಚೆ ಬದಿ, ಅದಕ್ಕೇ ಎರಡೂ ಕಡೆಯಿಂದ ದಾರಿ ಸರಿಸುಮಾರು ಒಂದೇ. ದುಬೈಗೆ ಹೋಗಿ ತಿರುಗಿ ಬರುವುದು ಸುತ್ತುದಾರಿ ಅಂತ ಹಿರಿಯರು ಅನ್ನುತ್ತಾರೆ, ಅಲ್ವಾ, ಆದರೆ ಈ ಮೂರರಲ್ಲಿ ಅದೇ ಹತ್ತಿರದ್ದು. ದುಬೈನಿಂದ ಎಳೆದ ಗೆರೆ ಉತ್ತರ ಧ್ರುವದ ಪಕ್ಕದಲ್ಲೇ ಹಾದು ಹೋಗುತ್ತದೆ.

ದೂರವನ್ನು ತಾಸು ಮಾಡುವುದು

ದೊಡ್ಡ ಜೆಟ್ ವಿಮಾನ ಮೇಲೆ ಸೇರಿದ ನಂತರ ತಾಸಿಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಆದರೆ ಹಾಗೇ ಭಾಗಿಸಬೇಡಿ. ಏರುವಾಗ, ಇಳಿಯುವಾಗ ವೇಗ ಕಮ್ಮಿ, ದಾರಿಯೂ ಪೂರ್ತಿ ನೇರ ಇರುವುದಿಲ್ಲ. ದೂರವನ್ನು 850ರಿಂದ ಭಾಗಿಸಿ, ಅರ್ಧ ತಾಸು ಸೇರಿಸಿ. ಟಿಕೆಟ್ ಮೇಲಿನ ಸಮಯಕ್ಕೆ ಬಹಳ ಹತ್ತಿರ ಬರುತ್ತದೆ. ಹೈದರಾಬಾದ್‌ನಿಂದ ದುಬೈ 2,550 ಅಂದರೆ 3 ತಾಸು, ಅದಕ್ಕೆ ಅರ್ಧ ಸೇರಿಸಿ ಮೂರೂವರೆ. ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೋ 13,000 ಅಂದರೆ 15 ತಾಸಿಗಿಂತ ಸ್ವಲ್ಪ ಜಾಸ್ತಿ, ಅರ್ಧ ಸೇರಿಸಿದರೆ ಹದಿನಾರರ ಹತ್ತಿರ.

ಟಿಕೆಟ್‌ನಲ್ಲಿರುವ ಸಮಯ ಹಾರಾಟದ ಸಮಯ ಅಲ್ಲ. ವಿಮಾನ ಗೇಟ್ ಬಿಟ್ಟು ಹಿಂದೆ ಸರಿಯುವುದರಿಂದ ಹಿಡಿದು ಆ ಕಡೆಯ ಗೇಟಿಗೆ ಬಂದು ನಿಲ್ಲುವವರೆಗಿನ ಸಮಯ. ರನ್‌ವೇ ಕಡೆ ಉರುಳುವುದು, ಸಾಲಿನಲ್ಲಿ ಕಾಯುವುದು ಎಲ್ಲ ಅದರಲ್ಲೇ ಸೇರಿರುತ್ತದೆ. ಪೈಲಟ್ ಮೈಕಿನಲ್ಲಿ ಹೇಳುವ ಹಾರಾಟದ ಸಮಯ ಅದಕ್ಕಿಂತ ಕಮ್ಮಿ ಬರುವುದು ಇದಕ್ಕೇ.

ಇನ್ನು ಗಾಳಿ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಹೊಳೆ ಹರಿಯುತ್ತದೆ, ಜೆಟ್ ಸ್ಟ್ರೀಮ್ ಅಂತ ಅದರ ಹೆಸರು. ಚಳಿಗಾಲದಲ್ಲಿ ಇದರ ಜೋರು ಇನ್ನೂ ಹೆಚ್ಚು, ತಾಸಿಗೆ 200 ಕಿಲೋಮೀಟರ್ ದಾಟುವುದು ಹೊಸದೇನಲ್ಲ. ಪೂರ್ವಕ್ಕೆ ಹೋಗುವ ವಿಮಾನಕ್ಕೆ ಇದು ಬೆನ್ನಿಗೆ ಬೀಸುತ್ತದೆ, ಪಶ್ಚಿಮಕ್ಕೆ ಹೋಗುವುದಕ್ಕೆ ಎದುರು. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನ ಬಿರುಗಾಳಿಯ ಬೆನ್ನೇರಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ತಾಸಿನೊಳಗೆ ಮುಟ್ಟಿತ್ತು. ಹೈದರಾಬಾದ್‌ನಿಂದ ದುಬೈಗೆ ಹೋಗುವಾಗ 4 ತಾಸು ತೋರಿಸಿ ಬರುವಾಗ ಮೂರೂಕಾಲು ತೋರಿಸಿದರೆ ಟೈಪಿಂಗ್ ತಪ್ಪಲ್ಲ, ಇದೇ ಗಾಳಿಯ ಕೆಲಸ. ಹೀಗಾಗಿ ಪಶ್ಚಿಮಕ್ಕೆ ಹೋಗುವ ಭಾಗಕ್ಕೆ ಅರ್ಧ ತಾಸು ಹೆಚ್ಚಿಗೆ ಹಿಡಿಯಿರಿ.

ಯಾವ ದೇಶದ ಆಕಾಶ ಯಾರಿಗೆ ತೆರೆದಿದೆ ಅನ್ನೋದೂ ಸಮಯ ಬದಲಿಸುತ್ತದೆ. 2022ರಿಂದ ರಷ್ಯಾದ ಮೇಲೆ ಅಮೆರಿಕ, ಯುರೋಪಿನ ಕಂಪನಿಗಳು ಹಾರುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು, ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಸುತ್ತು ಹಾಕಬೇಕಾಯಿತು. ಹಳೆಯ ಲೇಖನ ನೋಡಿ ತಾಸು ಲೆಕ್ಕ ಹಾಕಬೇಡಿ ಅನ್ನೋದು ಇದಕ್ಕೇ. ನೇರ ವಿಮಾನಗಳ ಕತೆಯೂ ಹಾಗೇ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಬೆಂಗಳೂರು ನಡುವೆ ನೇರ ವಿಮಾನ ಶುರು ಮಾಡಿತು. ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ ಮಹಿಳೆಯರೇ ಉತ್ತರ ಧ್ರುವದ ಮೇಲಿಂದ ನಡೆಸಿಕೊಂಡು ಬಂದರು. ಸುಮಾರು 14,000 ಕಿಲೋಮೀಟರ್, 17 ತಾಸು. ಅದೇ ತಿಂಗಳು ಹೈದರಾಬಾದ್‌ನಿಂದ ಶಿಕಾಗೋಗೂ ನೇರ ವಿಮಾನ ಬಂದಿತ್ತು, ಮುಂದೆ ನಿಂತಿತು. ಅಂಥ ವಿಮಾನ ಬರುತ್ತದೆ, ಹೋಗುತ್ತದೆ. ನೀವು ಹೋಗುವ ವಾರಕ್ಕೆ ಏನಿದೆ ಅನ್ನೋದಷ್ಟೇ ನಿಮಗೆ ಮುಖ್ಯ.

ಗಡಿಯಾರದ ಲೆಕ್ಕ

ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಮುಟ್ಟುವ ಸಮಯ ಮುಟ್ಟುವ ಊರಿನದು. ಒಂದರಿಂದ ಒಂದನ್ನು ಸುಮ್ನೆ ಕಳೆದರೆ ಉತ್ತರ ತಪ್ಪು. ದಾರಿ ಒಂದೇ: ಎಲ್ಲವನ್ನೂ ನಮ್ಮ ಭಾರತದ ಸಮಯಕ್ಕೆ ತಂದುಕೊಳ್ಳಿ.

ದುಬೈ ನಮಗಿಂತ ಒಂದೂವರೆ ತಾಸು ಹಿಂದೆ, ವರ್ಷಪೂರ್ತಿ. ಸ್ಯಾನ್ ಫ್ರಾನ್ಸಿಸ್ಕೋ ಚಳಿಗಾಲದಲ್ಲಿ ಹದಿಮೂರೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಅಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ.

ಚಳಿಗಾಲದ ಒಂದು ಲೆಕ್ಕ ಮಾಡೋಣ. ಇದು ಉದಾಹರಣೆಯ ಸಮಯ, ಯಾವುದೋ ಒಂದು ವಿಮಾನದ್ದಲ್ಲ. ಹೈದರಾಬಾದ್‌ನಿಂದ ಬೆಳಗಿನ ಜಾವ 4ಕ್ಕೆ ಹೊರಟು, ದುಬೈಗೆ ಅಲ್ಲಿಯ ಸಮಯ 6:30ಕ್ಕೆ ಮುಟ್ಟುತ್ತೀರಿ. ನಮ್ಮ ಸಮಯ ಆಗ 8. ಅಂದರೆ 4 ತಾಸು. ದುಬೈನಿಂದ ಅಲ್ಲಿಯ 9ಕ್ಕೆ, ನಮ್ಮ 10:30ಕ್ಕೆ ಮುಂದಿನ ವಿಮಾನ. ಕಾದದ್ದು ಎರಡೂವರೆ ತಾಸು. ಅಲ್ಲಿಂದ 16 ತಾಸು ಹಾರಿದರೆ ನಮ್ಮ ಸಮಯ ಮಾರನೆಯ ದಿನ ನಸುಕಿನ 2:30. ಅದರಲ್ಲಿ ಹದಿಮೂರೂವರೆ ಕಳೆದರೆ ಅಲ್ಲಿ ನೀವು ಹೊರಟ ತಾರೀಖಿನದೇ ಮಧ್ಯಾಹ್ನ 1. ಟಿಕೆಟ್‌ನಲ್ಲಿ 4ಕ್ಕೆ ಹೊರಟು 1ಕ್ಕೆ ಮುಟ್ಟಿದ ಹಾಗೆ ಕಂಡರೂ ನೀವು ದಾರಿಯಲ್ಲಿ ಕಳೆದದ್ದು ಇಪ್ಪತ್ತೆರಡೂವರೆ ತಾಸು. ಇನ್ನೊಂದು ವಿಷಯ, ಅಷ್ಟು ದೂರ ಹೋಗಿ ಇಳಿದರೂ ಅಲ್ಲಿ ಇನ್ನೂ ಮಟಮಟ ಮಧ್ಯಾಹ್ನ, ಮಲಗಲು ರಾತ್ರಿ ಬಹಳ ದೂರ. ಅಪ್ಪ-ಅಮ್ಮನಿಗೆ ಇದನ್ನು ಮೊದಲೇ ಹೇಳಿಡಿ.

ವಾಪಸ್ ಬರುವಾಗ ಉಲ್ಟಾ. ಸೋಮವಾರ ಸಂಜೆ 4ಕ್ಕೆ ಅಲ್ಲಿಂದ ಹೊರಟರೆ ನಮ್ಮಲ್ಲಿ ಆಗ ಮಂಗಳವಾರ ಬೆಳಿಗ್ಗೆ 5:30. ಹದಿನೈದೂವರೆ ತಾಸು ದುಬೈಗೆ, ಎರಡೂವರೆ ಅಲ್ಲಿ ಕಾಯುವುದು, ಮತ್ತೆ 3 ತಾಸು 20 ನಿಮಿಷ. ಹೈದರಾಬಾದ್‌ಗೆ ಮುಟ್ಟುವುದು ಬುಧವಾರ ನಸುಕಿನ 2:50ಕ್ಕೆ. ಟಿಕೆಟ್‌ನಲ್ಲಿ ಮುಟ್ಟುವ ಸಮಯದ ಪಕ್ಕ ಸಣ್ಣದಾಗಿ ಕೂಡಿಸುವ ಗುರುತು ಹಾಕಿ 2 ಅಂತ ಇರುತ್ತದೆ, ಎರಡು ದಿನ ಆದ ಮೇಲೆ ಅಂತ ಅದರರ್ಥ. ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಇದ್ದು ಬರುವವರು ಆ ಸಣ್ಣ ಅಂಕಿಯನ್ನು ನೋಡದೆ ಟಿಕೆಟ್ ಮಾಡಬಾರದು.

ಮನೆಯಿಂದ ಶಂಷಾಬಾದ್

ಬೆಳಗಿನ ಜಾವದ ವಿಮಾನಕ್ಕೆ ತಾರೀಖು ನೋಡುವುದನ್ನು ಮೊದಲು ಹೇಳಬೇಕು. 12ನೇ ತಾರೀಖು 4 ಗಂಟೆ ಅಂತಿದ್ದರೆ ನೀವು ಕಲಬುರಗಿ ಬಿಡಬೇಕಾದದ್ದು 11ರ ಸಂಜೆ. 12ರ ರಾತ್ರಿ ಅಂತ ತಿಳಿದುಕೊಂಡರೆ ನೀವು ಮನೆ ಬಿಡುವ ಮೊದಲೇ ವಿಮಾನ ಹೋಗಿಬಿಟ್ಟಿರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ 11ರ ಮೇಲೆ ದೊಡ್ಡದಾಗಿ ಗುರುತು ಹಾಕಿಬಿಡಿ.

ಹೊರದೇಶದ ವಿಮಾನಕ್ಕೆ 3 ತಾಸು ಮೊದಲು ಏರ್‌ಪೋರ್ಟಿನಲ್ಲಿರಬೇಕು. ಬಹುತೇಕ ಕಂಪನಿಗಳು ಹೊರಡುವ ಒಂದು ತಾಸು ಮೊದಲೇ ಕೌಂಟರ್ ಮುಚ್ಚಿಬಿಡುತ್ತವೆ, ಅಲ್ಲಿ ಯಾರ ಮಾತೂ ನಡೆಯುವುದಿಲ್ಲ. 4ರ ವಿಮಾನಕ್ಕೆ 1ಕ್ಕೆ ಅಲ್ಲಿರಬೇಕು. ಕಲಬುರಗಿಯಿಂದ ಕಾರಿನಲ್ಲಿ ನಾಲ್ಕೂವರೆಯಿಂದ ಐದು ತಾಸು. ಊಟ, ಚಹಾ, ಪಂಕ್ಚರ್, ಲಾರಿ ಸಾಲು ಎಲ್ಲಕ್ಕೂ ಸೇರಿ ಒಂದು ತಾಸು ಮೇಲೆ ಇಟ್ಟುಕೊಳ್ಳಿ. ಸಂಜೆ 7ಕ್ಕೆ ಮನೆ ಬಿಡಬೇಕು.

ದಾರಿ ಎರಡಿವೆ. ಮಳಖೇಡ, ಸೇಡಂ, ಕೊಡಂಗಲ್, ಪರಿಗಿ, ಚೇವೆಳ್ಳ ಮೇಲೆ ಹೋಗುವುದು ಕಿಲೋಮೀಟರಿನಲ್ಲಿ ಕಮ್ಮಿ. ಆದರೆ ಅದು ಬಹಳ ಕಡೆ ಎರಡೇ ಸಾಲಿನ ರಸ್ತೆ, ಚೇವೆಳ್ಳದ ಕಡೆ ಎರಡೂ ಬದಿಗೆ ಹಳೆಯ ಆಲದ ಮರಗಳು, ಎದುರಿಗೆ ಬರುವ ಲಾರಿಯ ಲೈಟ್ ಕಣ್ಣಿಗೆ ಹೊಡೆಯುತ್ತದೆ. ಇನ್ನೊಂದು ಕಮಲಾಪುರ, ಹುಮನಾಬಾದ್ ಮೇಲೆ ಹೋಗಿ ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಜಹೀರಾಬಾದ್, ಸಂಗಾರೆಡ್ಡಿ ದಾಟಿ ಪಟಾನ್‌ಚೆರು ಹತ್ತಿರ ಔಟರ್ ರಿಂಗ್ ರೋಡ್ ಏರುವುದು. ಇದು ಉದ್ದ, ಆದರೆ ಹೆದ್ದಾರಿ ನಾಲ್ಕು ಸಾಲಿನದು, ರಿಂಗ್ ರೋಡಿನಿಂದ ಊರೊಳಗೆ ಹೋಗದೆ ಸೀದಾ ಶಂಷಾಬಾದ್. ಹಗಲಾದರೆ ಸೇಡಂ ದಾರಿ, ರಾತ್ರಿಯಾದರೆ ಹುಮನಾಬಾದ್ ದಾರಿ. ಮೂವತ್ತು ಕಿಲೋಮೀಟರಿನ ಡೀಸೆಲ್ ಉಳಿಸಲು ಅಪ್ಪ-ಅಮ್ಮನನ್ನು ಕೂರಿಸಿಕೊಂಡು ಕತ್ತಲಲ್ಲಿ ಆ ಸಣ್ಣ ರಸ್ತೆಗೆ ಇಳಿಯಬೇಡಿ.

ಬೀದರ್‌ನವರಿಗೆ ಇದು ಬಹಳ ಸುಲಭ, ಜಹೀರಾಬಾದ್ ಮೇಲೆ ಮೂರರಿಂದ ಮೂರೂವರೆ ತಾಸು. ಯಾದಗಿರಿಯವರು ಗುರುಮಠಕಲ್, ನಾರಾಯಣಪೇಟೆ, ಮಹಬೂಬ್‌ನಗರ ಮೇಲೆ ಹೋಗಿ ಹೆದ್ದಾರಿ 44 ಹಿಡಿದರೆ ಅದು ಶಂಷಾಬಾದ್‌ಗೇ ಬರುತ್ತದೆ, ಹೈದರಾಬಾದ್ ಊರೊಳಗೆ ಹೋಗುವ ಕೆಲಸವೇ ಇಲ್ಲ.

ರೈಲಿನಲ್ಲಿ ಹೋಗುವವರು ವಾಡಿ, ಸೇಡಂ, ತಾಂಡೂರು, ವಿಕಾರಾಬಾದ್ ಮೇಲೆ ಹೋಗುತ್ತಾರೆ. ಖರ್ಚು ಕಮ್ಮಿ, ಮೈಗೂ ಹಿತ. ಆದರೆ ರೈಲು ಇಳಿದ ಮೇಲೆ ಏರ್‌ಪೋರ್ಟ್ ಇನ್ನೂ ದೂರ. ಸಿಕಂದರಾಬಾದ್ ಕಡೆಯಿಂದಾದರೆ 40 ಕಿಲೋಮೀಟರ್ ಹತ್ತಿರ. ಪುಷ್ಪಕ್ ಹೆಸರಿನ ಏಸಿ ಬಸ್‌ಗಳು ಊರಿನ ಹಲವು ಕಡೆಯಿಂದ ಏರ್‌ಪೋರ್ಟಿಗೆ ಹೋಗುತ್ತವೆ. ರೈಲು ಟೈಮಿಗೆ ಬರುತ್ತದೆ ಅಂತ ನಂಬಿ ಲೆಕ್ಕ ಹಾಕಬೇಡಿ, ಕನಿಷ್ಠ 4 ತಾಸು ತಡವಾದರೂ ಏರ್‌ಪೋರ್ಟ್ ಮುಟ್ಟುವ ಹಾಗಿರುವ ರೈಲನ್ನೇ ಆರಿಸಿ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿಗೂ ಇದೇ ಮಾತು.

ಈಗ ಕೂಡಿಸಿ. ಸಂಜೆ 7ರಿಂದ ನಸುಕಿನ 4ರವರೆಗೆ 9 ತಾಸು. ಎರಡು ವಿಮಾನ, ನಡುವೆ ಕಾಯುವುದು ಸೇರಿ ಇಪ್ಪತ್ತೆರಡೂವರೆ. ಅಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲು, ಸಾಮಾನು, ಕಸ್ಟಮ್ಸ್ ಸೇರಿ ಒಂದೂವರೆಯಿಂದ ಎರಡು ತಾಸು. ಅಲ್ಲಿಂದ ಮಕ್ಕಳ ಮನೆಗೆ ಒಂದು ತಾಸು. ಒಟ್ಟು ಮೂವತ್ತನಾಲ್ಕರ ಮೇಲೆ. ಇದರಲ್ಲಿ ಆಕಾಶದಲ್ಲಿದ್ದದ್ದು 20 ತಾಸೂ ಇಲ್ಲ. ಟಿಕೆಟ್ ಹುಡುಕುವಾಗ ಹಾರಾಟದ ಒಂದು ತಾಸು ಉಳಿಸಲು ಒದ್ದಾಡುವ ಬದಲು ಉಳಿದ 14 ತಾಸನ್ನು ಸರಿ ಮಾಡಿಕೊಂಡರೆ ಪ್ರಯಾಣ ಎಷ್ಟೋ ಹಗುರ. ಬೆಳಿಗ್ಗೆ ಹತ್ತರ ಹೊತ್ತಿಗೆ ಹೊರಡುವ ವಿಮಾನ ಸಿಕ್ಕರೆ ಹಿಂದಿನ ರಾತ್ರಿ ಹೈದರಾಬಾದ್‌ನ ನೆಂಟರ ಮನೆಯಲ್ಲೋ ಶಂಷಾಬಾದ್‌ನ ಲಾಡ್ಜಿನಲ್ಲೋ ಮಲಗಿ ಎದ್ದು ಹೋಗಬಹುದು. ತಾಸಿನ ಲೆಕ್ಕದಲ್ಲಿ ಅದು ಉದ್ದವಾಗುತ್ತದೆ, ಆದರೆ ಅರವತ್ತು ದಾಟಿದವರಿಗೆ ನಾನು ಅದನ್ನೇ ಹೇಳುತ್ತೇನೆ.

ನಡುವೆ ಎಷ್ಟು ಹೊತ್ತು ಕಾಯಬೇಕು

ಒಂದು ತಾಸಿನ ಅಂತರ ಇರುವ ಟಿಕೆಟ್ ಎಲ್ಲಕ್ಕಿಂತ ಮೇಲೆ ಕಾಣಿಸುತ್ತದೆ, ಯಾಕೆಂದರೆ ಒಟ್ಟು ಸಮಯ ಕಮ್ಮಿ. ಮೊದಲ ಸಲ ಹೋಗುವವರಿಗೆ, ಮೊಣಕಾಲು ನೋವಿರುವವರಿಗೆ ಅದು ಬೇಡವೇ ಬೇಡ. ದುಬೈನಂಥ ಏರ್‌ಪೋರ್ಟಿನಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ನಡೆಯುವುದೇ ಬಹಳ ಇದೆ, ನಡುವೆ ಮತ್ತೊಮ್ಮೆ ತಪಾಸಣೆ. ಎರಡೂವರೆಯಿಂದ ನಾಲ್ಕು ತಾಸು ಸರಿಯಾದ ಅಂತರ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ನಡೆಯಲು ಬರುತ್ತದೆ ಅಂತ ಹಿರಿಯರು ಬೇಡ ಅನ್ನುತ್ತಾರೆ, ಆದರೂ ಹಾಕಿಸಿ. ಭಾಷೆ ಬಾರದ ಕಡೆ ಗೇಟಿನವರೆಗೆ ಕರೆದೊಯ್ಯುವ ಒಬ್ಬ ಮನುಷ್ಯ ಜೊತೆಗಿರುತ್ತಾನೆ.

ಎರಡು ವಿಮಾನವೂ ಒಂದೇ ಪಿಎನ್‌ಆರ್‌ನಲ್ಲಿರಲಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನ ಹತ್ತಿಸುವುದು ಕಂಪನಿಯ ಜವಾಬ್ದಾರಿ. ಬೇರೆ ಬೇರೆ ಟಿಕೆಟ್ ಆದರೆ ದುಡ್ಡು ನಿಮ್ಮದೇ. ಕಲಬುರಗಿ ಅಥವಾ ಬೀದರ್‌ನಿಂದ ಸಣ್ಣ ವಿಮಾನ ಹಿಡಿದು ಹೋಗುವವರೂ ಇದನ್ನು ಗಮನಿಸಿ. ಅದು ಬೇರೆ ಕಂಪನಿಯ ಬೇರೆ ಟಿಕೆಟ್ ಆದರೆ ದೊಡ್ಡ ವಿಮಾನಕ್ಕಿಂತ ಒಂದು ದಿನ ಮೊದಲೇ ಹೋಗಿ.

ಅಮೆರಿಕದೊಳಗೆ ಮತ್ತೊಂದು ವಿಮಾನ ಹತ್ತುವವರು ಅಲ್ಲಿ 3 ತಾಸು ಇಟ್ಟುಕೊಳ್ಳಬೇಕು. ಮೊದಲು ಇಳಿಯುವ ಊರಲ್ಲೇ ಇಮಿಗ್ರೇಷನ್ ಆಗುತ್ತದೆ, ಸೂಟ್‌ಕೇಸ್ ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯುವವರು ತಿನ್ನುವ ಸಾಮಾನು ಇದೆ ಅಂತ ಕೇಳಿದ ಕಡೆ ಹೇಳಿಬಿಡಿ, ಮುಚ್ಚಿಟ್ಟರೆ ದಂಡ ಬೀಳುತ್ತದೆ.

ಗುಳಿಗೆಯ ಸಮಯ

ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಲೇಬೇಕು. ಬಿಪಿ, ಶುಗರ್ ಗುಳಿಗೆಯನ್ನು ಬೆಳಿಗ್ಗೆ, ರಾತ್ರಿ ಅಂತ ತೆಗೆದುಕೊಳ್ಳುವವರಿಗೆ ದಾರಿಯಲ್ಲಿ ಬೆಳಿಗ್ಗೆ ಯಾವುದು ರಾತ್ರಿ ಯಾವುದು ಅಂತಲೇ ತಿಳಿಯುವುದಿಲ್ಲ. ಮೇಲೆ ಮಾಡಿದ ಲೆಕ್ಕವನ್ನು ಭಾರತದ ಸಮಯದಲ್ಲಿ ಒಂದು ಚೀಟಿಯಲ್ಲಿ ಬರೆದು ನಿಮ್ಮ ಡಾಕ್ಟರಿಗೆ ತೋರಿಸಿ, ಯಾವ ತಾಸಿಗೆ ಯಾವ ಗುಳಿಗೆ ಅಂತ ಅವರಿಂದಲೇ ಬರೆಸಿಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಇದು ಬೇಕೇ ಬೇಕು. ಕೈಗಡಿಯಾರವನ್ನು ದಾರಿಯುದ್ದಕ್ಕೂ ಭಾರತದ ಸಮಯದಲ್ಲೇ ಬಿಡಿ, ಮೊಬೈಲ್ ತಾನಾಗಿ ಬದಲಾಗುತ್ತದೆ. ಔಷಧಿ, ಡಾಕ್ಟರ್ ಚೀಟಿ ಕೈಚೀಲದಲ್ಲಿರಲಿ. 16 ತಾಸು ಒಂದೇ ಕಡೆ ಕೂತರೆ ಕಾಲು ಬಾವು ಬರುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ, ಎರಡು ತಾಸಿಗೊಮ್ಮೆ ಎದ್ದು ಓಡಾಡಲಿ, ನೀರು ಕುಡಿಯಲಿ.

ಹೊರಡುವ ಹಿಂದಿನ ವಾರ

ನಿಮ್ಮ ವಿಮಾನದ ನಂಬರನ್ನು ಫ್ಲೈಟ್‌ರಾಡಾರ್24ನಂಥ ಆ್ಯಪ್‌ನಲ್ಲಿ ಹಾಕಿ ನೋಡಿ. ಹಿಂದಿನ ಕೆಲವು ದಿನ ಅದು ನಿಜವಾಗಿ ಎಷ್ಟಕ್ಕೆ ಹೊರಟು ಎಷ್ಟಕ್ಕೆ ಮುಟ್ಟಿತು ಅಂತ ತೋರಿಸುತ್ತದೆ. ದಿನಾ ಮುಕ್ಕಾಲು ತಾಸು ತಡವಾಗುತ್ತಿದ್ದರೆ ದುಬೈನ ಅಂತರದಿಂದ ಅಷ್ಟು ಕಳೆದು ನೋಡಿ. ಹೊರಡುವ ದಿನ ಮಧ್ಯಾಹ್ನ ಮತ್ತೊಮ್ಮೆ ನೋಡಿ, ವಿಮಾನ ತಡ ಅಂತ ಬಂದರೂ ಮನೆ ಬಿಡುವ ಸಮಯ ಬದಲಿಸಬೇಡಿ. ತಡ ಆಗುತ್ತದೆ ಅಂದದ್ದು ಮತ್ತೆ ಸರಿಹೋಗಿ ಟೈಮಿಗೇ ಹೊರಡುವುದುಂಟು.

ಆ ಕಡೆ ಕರೆದುಕೊಂಡು ಹೋಗಲು ಬರುವವರಿಗೂ ಅದೇ ನಂಬರ್ ಕಳಿಸಿ. ಇಳಿದ ತಕ್ಷಣ ಹೊರಗೆ ಬರುವುದಿಲ್ಲ, ಒಂದೂವರೆ ತಾಸು ಬಿಟ್ಟು ಬಂದರೆ ಸಾಕು ಅಂತ ತಿಳಿಸಿ. ಅಪ್ಪ-ಅಮ್ಮನ ಕೈಯಲ್ಲಿ ಮಕ್ಕಳ ವಿಳಾಸ, ಫೋನ್ ನಂಬರ್ ಬರೆದ ಕಾಗದ ಇರಲಿ, ಇಳಿದಾಗ ಮೊಬೈಲ್ ಚಾರ್ಜ್ ಇರುತ್ತದೆ ಅನ್ನುವ ಭರವಸೆ ಇಲ್ಲ.